ಎರಡು ಶತಮಾನ ದಾಟಿದ ಹೊಲಿಗೆ ಮನೆತನ: ಹೆನ್ರಿ ಪೂಲ್ ಅಂಗಡಿ ಉಳಿದದ್ದು ಹೇಗೆ?

ಶಾಲ್ಮಲಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತಲೆಮಾರುಗಳಿಂದ ಒಂದೇ ಮನೆತನದ ಕೈಯಲ್ಲಿ ಉಳಿದುಬಂದಿರುವ ವ್ಯಾಪಾರಗಳ ಕುರಿತು ನಮ್ಮ ಕಾಲೇಜಿನ ವಾಣಿಜ್ಯ ವಿಭಾಗದ ವಾರ್ಷಿಕ ಸಂಚಿಕೆಗೆ ಒಂದು ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಬ್ಯಾಂಕು, ಚಿನ್ನ, ಕಾಫಿ ಇವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. ಆದ್ದರಿಂದ ನಾನು ಅಳತೆ ಕೊಟ್ಟು ಹೊಲಿಸುವ ಸೂಟಿನ ಅಂಗಡಿಯೊಂದನ್ನು ಆರಿಸಿಕೊಂಡಿದ್ದೇನೆ. ಅದು ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಹೆನ್ರಿ ಪೂಲ್ ಸಂಸ್ಥೆ.

ನನಗೆ ತೊಡಕಾಗಿರುವ ವಿಷಯವನ್ನು ಹೇಳುತ್ತೇನೆ. ಸಂಸ್ಥೆ 1806ರಲ್ಲಿ ಆರಂಭವಾಯಿತೆಂದೂ ಇಂದಿಗೂ ಒಂದೇ ಕುಟುಂಬದ್ದೆಂದೂ ಎಲ್ಲ ಕಡೆ ಬರೆದಿರುತ್ತಾರೆ. ಆದರೆ ಇಂದು ಅದನ್ನು ನಡೆಸುತ್ತಿರುವವರ ಮನೆತನದ ಹೆಸರು ಪೂಲ್ ಅಲ್ಲ, ಕಂಡೀ. ಜಮೀನಾಗಲಿ ಗಿರಣಿಯಾಗಲಿ ಆಗಿದ್ದರೆ ತಂದೆಯಿಂದ ಮಗನಿಗೆ ಏನು ಬಂತೆಂದು ಕೈ ತೋರಿಸಿ ಹೇಳಬಹುದು. ಹೊಲಿಗೆ ಕೈಗುಣವನ್ನು ನಂಬಿದ ಕಸುಬು, ಕೈಗುಣವಾದರೋ ಮನುಷ್ಯನೊಂದಿಗೇ ಹೋಗುವಂಥದ್ದು. ಹಾಗಿದ್ದ ಮೇಲೆ ಈ ಮನೆತನದಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿದ ಆಸ್ತಿ ಯಾವುದು? ಸ್ಥಾಪಕ ಸ್ವತಃ ದರ್ಜಿಯಾಗಿದ್ದನೇ? ಔತಣದ ಗಿಡ್ಡ ಕೋಟು (ಡಿನ್ನರ್ ಜಾಕೆಟ್, ಅಮೆರಿಕದವರು ಟಕ್ಸೀಡೋ ಎನ್ನುವುದು) ಹುಟ್ಟಿದ್ದು ಇದೇ ಅಂಗಡಿಯಲ್ಲಿ ಎನ್ನುವ ಮಾತನ್ನು ಲೇಖನದಲ್ಲಿ ಎಷ್ಟರ ಮಟ್ಟಿಗೆ ಬಳಸಬಹುದು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ದಪ್ತರದಾರ

ಮೊದಲು ವಂಶದ ವಿಚಾರವನ್ನು ನೋಡೋಣ. ಜೇಮ್ಸ್ ಪೂಲ್ ಎಂಬಾತ ಶ್ರಾಪ್‌ಶೈರ್ ಪ್ರಾಂತದಿಂದ ಲಂಡನ್ನಿಗೆ ಬಂದು 1806ರಲ್ಲಿ ಬ್ರನ್ಸ್‌ವಿಕ್ ಚೌಕದ ಬಳಿ ಅಂಗಡಿ ತೆರೆದದ್ದು ಬಟ್ಟೆ ವ್ಯಾಪಾರಿಯಾಗಿ, ದರ್ಜಿಯಾಗಿ ಅಲ್ಲ. ನೆಪೋಲಿಯನ್ ದಂಡೆತ್ತಿ ಬಂದಾನೆಂಬ ಅಂಜಿಕೆಯಲ್ಲಿ ಇಂಗ್ಲೆಂಡಿನ ಊರೂರುಗಳಲ್ಲಿ ಸ್ವಯಂಸೇವಕ ಪಡೆಗಳು ಎದ್ದಿದ್ದ ಕಾಲವದು. ಪಡೆಗೆ ಸೇರಿದವನು ತನ್ನ ಸಮವಸ್ತ್ರವನ್ನು ತಾನೇ ಒದಗಿಸಿಕೊಳ್ಳಬೇಕಾಗಿತ್ತು. ಜೇಮ್ಸ್ ಮನೆಯಲ್ಲೇ ಹೊಲಿದ ಮೇಲಂಗಿಯನ್ನು ತೊಟ್ಟು ಕವಾಯತಿಗೆ ಹೋದಾಗ ಅದರ ಕಟ್ಟುಮಸ್ತನ್ನು ಕಂಡ ಅಧಿಕಾರಿಯೊಬ್ಬ ಹೊಲಿದವರು ಯಾರೆಂದು ವಿಚಾರಿಸಿದ, ಅಲ್ಲಿಂದ ಸೈನ್ಯದ ಗಿರಾಕಿಗಳು ಬರತೊಡಗಿದರು ಎಂಬುದು ಆ ಮನೆಯವರು ಹೇಳಿಕೊಂಡು ಬಂದಿರುವ ಕತೆ. ಮನೆತನದ ಕತೆಗಳಿಗೆ ಇರಬೇಕಾದ ಅಂದ ಇದಕ್ಕೂ ಇದೆ, ಅಷ್ಟರಮಟ್ಟಿಗೆ ಇಟ್ಟುಕೊಳ್ಳಿ. 1815ರ ವಾಟರ್ಲೂ ಕಾಳಗದ ಹೊತ್ತಿಗೆ ಸೈನಿಕ ಉಡುಪು ಅವರ ಮುಖ್ಯ ಕೆಲಸವಾಗಿತ್ತು ಎಂಬುದು ಮಾತ್ರ ಖಚಿತ.

ಅಲ್ಲಿಂದ ಅಂಗಡಿ ರೀಜೆಂಟ್ ಬೀದಿಗೆ ಬಂದು, 1828ರಲ್ಲಿ ಓಲ್ಡ್ ಬರ್ಲಿಂಗ್ಟನ್ ಬೀದಿಯಲ್ಲಿ ನೆಲೆಯಾಯಿತು. ಆ ಕಟ್ಟಡದ ಹಿತ್ತಲು ಸ್ಯಾವಿಲ್ ರೋ ಬೀದಿಗೆ ತಾಗಿತ್ತು. 1846ರಲ್ಲಿ ಜೇಮ್ಸ್ ತೀರಿಕೊಂಡ ಮೇಲೆ ಮಗ ಹೆನ್ರಿ ಕಟ್ಟಡವನ್ನು ವಿಸ್ತರಿಸಿ, ಹಿತ್ತಲ ಕಡೆಯನ್ನೇ ಮುಂಬಾಗಿಲಾಗಿಸಿ, ಸ್ಯಾವಿಲ್ ರೋ ಕಡೆಗೆ ದೊಡ್ಡ ಮಳಿಗೆಯನ್ನು ಕಟ್ಟಿಸಿದ. ಆ ಬೀದಿ ದರ್ಜಿಗಳ ಬೀದಿಯೆಂದು ಜಗತ್ತಿಗೆ ಗೊತ್ತಾದುದರಲ್ಲಿ ಈ ತೀರ್ಮಾನದ ಪಾತ್ರ ದೊಡ್ಡದು. ಹೆನ್ರಿಗೆ ಸೂಜಿಗಿಂತ ಗಿರಾಕಿಗಳ ಒಡನಾಟದಲ್ಲಿ ಹೆಚ್ಚಿನ ಪಳಗುವಿಕೆ ಇತ್ತು. ಕುದುರೆ, ಬೇಟೆ, ಜೂಜು, ರಂಗಮಂದಿರ ಎಂದು ತಿರುಗುವ ಶ್ರೀಮಂತರು ಸಂಜೆ ಹೊತ್ತು ಅವನ ಅಂಗಡಿಯಲ್ಲಿ ಸೇರಿ, ಅವನದೇ ಮದ್ಯ ಕುಡಿದು, ಅವನದೇ ಚುಟ್ಟಾ ಸೇದಿ, ಹೊರಡುವಾಗ ಒಂದು ಕೋಟಿಗೆ ಹೇಳಿ ಹೋಗುತ್ತಿದ್ದರು. ಫ್ರಾನ್ಸಿನ ಮೂರನೆಯ ನೆಪೋಲಿಯನ್ 1858ರಲ್ಲಿ ತನ್ನ ಅಧಿಕೃತ ದರ್ಜಿಯೆಂದು ಸನದು ಕೊಟ್ಟ. 1869ರಲ್ಲಿ ವಿಕ್ಟೋರಿಯಾ ರಾಣಿಯ ಸನದು ಬಂತು. ಅರಮನೆಯ ಸಾರಥಿಗಳು ಮತ್ತು ಸೇವಕರು ತೊಡುವ, ಜರಿಪಟ್ಟಿ ಹಚ್ಚಿದ ದಿರಿಸುಗಳನ್ನು ಹೊಲಿಯುವ ಕೆಲಸವೂ ಅವರ ಕೈಗೆ ಬಂದು, ಮುಂದಿನ ತಲೆಮಾರುಗಳಲ್ಲೂ ಅಂಗಡಿಯ ಗುರುತಾಗಿ ಉಳಿಯಿತು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಈ ವೈಭವವೆಲ್ಲ ನಿಂತಿದ್ದುದು ಉದ್ರಿಯ ಮೇಲೆ. ಅಂದಿನ ಇಂಗ್ಲೆಂಡಿನಲ್ಲಿ ಜೂಜಿನ ಬಾಕಿಯನ್ನು ಮರುದಿನವೇ ತೀರಿಸುವುದು ಮರ್ಯಾದಸ್ಥರ ಲಕ್ಷಣವಾಗಿತ್ತು, ದರ್ಜಿಯ ಬಾಕಿಯನ್ನು ವರ್ಷಗಟ್ಟಲೆ ಎಳೆಯುವುದೂ ಅದೇ ಮರ್ಯಾದಸ್ಥರ ಲಕ್ಷಣವಾಗಿತ್ತು. ದರ್ಜಿ ತನ್ನ ಉಣ್ಣೆ ಬಟ್ಟೆಯ ಸಗಟು ವ್ಯಾಪಾರಿಗೆ ಹಣ ಕಟ್ಟಬೇಕು, ಹೊಲಿಯುವವರಿಗೆ ವಾರದ ಕೂಲಿ ಕೊಡಬೇಕು. ಆದರೆ ಗಿರಾಕಿಗೆ ಬಾಕಿ ಕೇಳಿದರೆ ಅದು ಅವಮಾನ, ಕೇಳಿಸಿಕೊಂಡ ಗಿರಾಕಿ ಮರುದಿನದಿಂದ ಬೇರೆ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಹೆನ್ರಿ ಕೇಳುವ ಗೋಜಿಗೇ ಹೋಗಲಿಲ್ಲ. 1876ರಲ್ಲಿ ಅವನು ತೀರಿಕೊಂಡಾಗ ಲಂಡನ್ನಿನ ಅತ್ಯಂತ ಹೆಸರಾದ ಹೊಲಿಗೆ ಅಂಗಡಿ ಪುಸ್ತಕದಲ್ಲಿ ಶ್ರೀಮಂತವಾಗಿಯೂ ಪೆಟ್ಟಿಗೆಯಲ್ಲಿ ಬರಿದಾಗಿಯೂ ಇತ್ತು.

ಅವನ ಸೋದರ ಸಂಬಂಧಿ ಸ್ಯಾಮ್ಯುಯೆಲ್ ಕಂಡೀ ಅಂಗಡಿಯನ್ನು ವಹಿಸಿಕೊಂಡದ್ದು ಇಂಥ ಸ್ಥಿತಿಯಲ್ಲಿ. ಅವನು ಮಾಡಿದ ಕೆಲಸಕ್ಕೆ ಮೆರುಗು ಏನೂ ಇಲ್ಲ: ಬಾಕಿಯ ಪುಸ್ತಕಗಳನ್ನು ತೆಗೆದು, ಒಂದೊಂದಾಗಿ ವಸೂಲಿಗೆ ಇಳಿದ. ಅಂಗಡಿಯ ಇತಿಹಾಸದಲ್ಲಿ ನಿರ್ಣಾಯಕವಾದ ವರ್ಷಗಳು ಇವೇ ಎಂದು ನನ್ನ ಅಭಿಪ್ರಾಯ, ಆದರೆ ಸಂಸ್ಥೆಯ ಬಗ್ಗೆ ಬರೆಯುವವರು ಈ ಭಾಗವನ್ನು ಎರಡು ಸಾಲಿನಲ್ಲಿ ಮುಗಿಸಿ ರಾಜಕುಮಾರರ ಪಟ್ಟಿಗೆ ಓಡುತ್ತಾರೆ. ಸ್ಯಾಮ್ಯುಯೆಲ್ 1883ರಲ್ಲಿ ತೀರಿಕೊಂಡ. ಮಗ ಹೋವರ್ಡ್ 1927ರವರೆಗೆ ನಡೆಸಿದ ಅವಧಿಯಲ್ಲಿ 300 ಮಂದಿ ಹೊಲಿಗೆಯವರೂ 14 ಮಂದಿ ಕಟಿಂಗ್ ಮಾಸ್ತರರೂ ಇದ್ದರು. ಪ್ಯಾರಿಸ್, ವಿಯೆನ್ನಾ, ಬರ್ಲಿನ್ ನಗರಗಳಲ್ಲಿ ಶಾಖೆಗಳಿದ್ದವು. ಪ್ಯಾರಿಸ್ ಶಾಖೆ 1940ರಲ್ಲಿ ಜರ್ಮನ್ ಸೇನೆ ಬಂದಾಗ ಮುಚ್ಚಿತು. 1961ರಲ್ಲಿ ಹಳೆಯ ಕಟ್ಟಡ ಕೈಬಿಟ್ಟುಹೋಗಿ ಪಕ್ಕದ ಕಾರ್ಕ್ ಬೀದಿಗೆ ಸ್ಥಳಾಂತರಗೊಳ್ಳಬೇಕಾಯಿತು. 1982ರಲ್ಲಿ ಆಂಗಸ್ ಕಂಡೀ ಅವರು ಅದನ್ನು ಮತ್ತೆ ಸ್ಯಾವಿಲ್ ರೋ ಬೀದಿಗೆ, 15ನೆಯ ಸಂಖ್ಯೆಯ ಕಟ್ಟಡಕ್ಕೆ ತಂದರು. ಅವರ ಮಗ ಸೈಮನ್ ಕಂಡೀ ಮುಂದಿನ ತಲೆಮಾರಿನವರು.

ಹೀಗಾಗಿ ದಾಟಿ ಬಂದ ಆಸ್ತಿ ಯಾವುದೆಂದರೆ, ಹೆಸರು ಮತ್ತು ಪುಸ್ತಕಗಳು. 1846ರಿಂದ ಈಚಿನ ಗಿರಾಕಿಗಳ ಲೆಕ್ಕದ ಪುಸ್ತಕಗಳು ಅವರಲ್ಲಿ ಉಳಿದಿವೆ. ಯಾರು, ಯಾವ ಬಟ್ಟೆ, ಯಾವ ಕೋಟು, ಎಷ್ಟು ಹಣ, ತೀರಿತೋ ಇಲ್ಲವೋ ಎಂಬುದು ಅದರಲ್ಲಿ ಕಾಣುತ್ತದೆ. ವಂಶದ ಹೆಸರು ಬದಲಾದರೂ ಬಾಗಿಲ ಮೇಲಿನ ಹೆಸರನ್ನು ಕಂಡೀಗಳು ಬದಲಿಸದೆ ಬಿಟ್ಟದ್ದು ವ್ಯಾಪಾರದ ಜಾಣತನ.

ಕತ್ತರಿ ಮಾಸ್ತರ

ದಪ್ತರದಾರರು ಲೆಕ್ಕದ ಪುಸ್ತಕವನ್ನು ಹೇಳಿದರು. ನಾನು ಹುಬ್ಬಳ್ಳಿಯಲ್ಲಿ ಅಳತೆ ತೆಗೆದು ಬಟ್ಟೆ ಕತ್ತರಿಸುವ ಕೆಲಸದಲ್ಲಿರುವವನು. ಆದ್ದರಿಂದ ಇನ್ನೊಂದು ಆಸ್ತಿಯನ್ನು ಸೇರಿಸಲು ಬಯಸುತ್ತೇನೆ. ಅದು ಕಾಗದದ ನಮೂನೆ.

ಸ್ಯಾವಿಲ್ ರೋ ಅಂಗಡಿಗಳಲ್ಲಿ ಗಿರಾಕಿಯ ಮೈಮೇಲೆ 20ಕ್ಕೂ ಹೆಚ್ಚು ಅಳತೆಗಳನ್ನು ತೆಗೆದು, ಅವನೊಬ್ಬನಿಗಾಗಿಯೇ ದಪ್ಪ ಕಂದು ಕಾಗದದಲ್ಲಿ ನಮೂನೆಯನ್ನು ಕತ್ತರಿಸುತ್ತಾರೆ. ಎದೆಯ ಭಾಗ, ಬೆನ್ನಿನ ಭಾಗ, ಮೇಲ್ತೋಳು, ಒಳತೋಳು, ಕಾಲರ್ ಎಲ್ಲವೂ ಬೇರೆಬೇರೆ. ಅವುಗಳಿಗೆ ತೂತು ಹೊಡೆದು, ದಾರ ಪೋಣಿಸಿ, ಹೆಸರು ಬರೆದು ಕೊಕ್ಕೆಗೆ ತೂಗುಹಾಕುತ್ತಾರೆ. ಟೇಪು ಹೇಳಲಾರದ ಸಂಗತಿಗಳನ್ನು ಮಾಸ್ತರ ಕಣ್ಣಿನಿಂದ ನೋಡಿ, ಪಕ್ಕದಲ್ಲಿ ಬರೆಯುವವನಿಗೆ ಸಂಕೇತದಲ್ಲಿ ಹೇಳುತ್ತಾನೆ: ಬಲ ಭುಜ ಇಳಿದಿದೆ, ಬೆನ್ನು ತುಸು ಗೂನು, ಹೊಟ್ಟೆ ಮುಂದಕ್ಕೆ ಬಂದಿದೆ, ಕಾಲು ಬಿಲ್ಲಿನಂತೆ ಬಾಗಿದೆ. ಎರಡು ಮೂರು ಅಕ್ಷರಗಳ ಸಂಕೇತವಾದ್ದರಿಂದ ಎದುರಿಗೆ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿರುವ ಗಿರಾಕಿಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿಯೂ ಹಳೆಯ ಮಾಸ್ತರರು ಅಳತೆ ಪುಸ್ತಕದ ಅಂಚಿನಲ್ಲಿ ಇಂಥ ಗುರುತುಗಳನ್ನು ಹಾಕುತ್ತಿದ್ದರು, ಅದನ್ನು ಓದಲು ಅವರ ಶಿಷ್ಯನೇ ಬೇಕು.

ಗಿರಾಕಿ ದಪ್ಪಗಾದರೆ ಹೊಸ ನಮೂನೆಯನ್ನೇ ಮಾಡಬೇಕೆಂದಿಲ್ಲ. ಪಕ್ಕೆಯ ಅಂಚಿಗೆ ಕಾಗದದ ಪಟ್ಟಿ ಅಂಟಿಸಿ ಅಗಲ ಮಾಡಿ, ದಿನಾಂಕ ಬರೆಯುತ್ತಾರೆ. ನಲವತ್ತು ವರ್ಷದ ಗಿರಾಕಿಯ ನಮೂನೆಯಲ್ಲಿ ಅವನ ಸೊಂಟದ ಚರಿತ್ರೆ ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. ಕತ್ತರಿಸಿದ ಮಾಸ್ತರ ತೀರಿಹೋದರೂ ಅವನ ಕಣ್ಣು ಕಂಡದ್ದು ಆ ಕಾಗದದಲ್ಲಿ ಉಳಿದಿರುತ್ತದೆ, ಅವನ ಕೈಕೆಳಗೆ ಕಲಿತವನು ಅದನ್ನು ಹಿಡಿದು ಕೆಲಸ ಮುಂದುವರಿಸುತ್ತಾನೆ. ಕೈಗುಣ ಮನುಷ್ಯನೊಂದಿಗೇ ಹೋಗುತ್ತದೆ ಎಂಬ ತಮ್ಮ ಮಾತಿಗೆ ನನ್ನ ಉತ್ತರ ಇದು: ಹೊಲಿಯುವ ಕೈ ಹೋಗುತ್ತದೆ, ಅಳೆದ ಕಣ್ಣಿನ ಬಹುಪಾಲು ಉಳಿಯುತ್ತದೆ.

ಹೊಲಿಗೆಯ ಕ್ರಮವನ್ನೂ ಲೇಖನದಲ್ಲಿ ಬರೆಯುವಿರಾದರೆ ಈ ಅಂಶವನ್ನು ಬಿಡಬೇಡಿ. ಬಟ್ಟೆ ಕತ್ತರಿಸಿದ ಮೇಲೆ ಬಿಳಿಯ ನೂಲಿನಿಂದ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಮೊದಲ ಟ್ರಯಲ್ ಕೊಡುತ್ತಾರೆ. ಅದಾದ ಮೇಲೆ ಕೋಟನ್ನು ಸಂಪೂರ್ಣ ಬಿಚ್ಚಿ, ಇಸ್ತ್ರಿ ಮಾಡಿ, ಸೀಮೆಸುಣ್ಣದಲ್ಲಿ ಹೊಸದಾಗಿ ಗುರುತು ಹಾಕಿ, ಮತ್ತೆ ಕೂಡಿಸುತ್ತಾರೆ. ಎದೆಯ ಒಳಗೆ ಅಂಟು ಹಚ್ಚಿದ ಬಕ್ರಂ ಇರುವುದಿಲ್ಲ. ಕುದುರೆ ಕೂದಲು ಸೇರಿಸಿ ನೇಯ್ದ ಕ್ಯಾನ್ವಾಸನ್ನು ಸಾವಿರಾರು ಸಣ್ಣ ಕೈಹೊಲಿಗೆಗಳಿಂದ ಹಿಡಿಸುತ್ತಾರೆ, ಲ್ಯಾಪೆಲ್, ಅಂದರೆ ಕೋಟಿನ ಎದೆಯ ಮೇಲೆ ಮಡಚಿ ಬರುವ ಅಂಚು, ತಾನಾಗಿಯೇ ಹೊರಳಿಕೊಳ್ಳುವುದು ಆ ಹೊಲಿಗೆಯ ಬಿಗಿತದಿಂದ. ಕಾಜಾಗಳನ್ನು ರೇಷ್ಮೆ ದಾರದಲ್ಲಿ ಕೈಯಿಂದಲೇ ಕಟ್ಟುತ್ತಾರೆ. ಒಂದು ಸೂಟಿಗೆ ಕಡಿಮೆಯೆಂದರೂ 50 ಗಂಟೆಗಳ ಕೈಕೆಲಸವಿರಬೇಕೆಂದು ಆ ಬೀದಿಯವರ ಸಂಘ ಗೊತ್ತುಮಾಡಿಕೊಂಡಿದೆ. ಜೊತೆಗೆ ಪ್ರತಿಯೊಂದು ಮುಖ್ಯ ಜೋಡಣೆಯ ಒಳಗೂ ಮುಂದೆ ಬಿಚ್ಚಿ ಅಗಲಿಸಲೆಂದು ಹೆಚ್ಚಿನ ಬಟ್ಟೆ ಬಿಟ್ಟಿರುತ್ತಾರೆ. ತಂದೆಯ ಕೋಟನ್ನು ಮಗ ತಂದು ತನ್ನ ಮೈಗೆ ಸರಿಮಾಡಿಸಿಕೊಳ್ಳುವುದು ಇದರಿಂದಲೇ ಸಾಧ್ಯ. ಮನೆತನದ ಅಂಗಡಿಗೆ ಮನೆತನದ ಗಿರಾಕಿ ಬರುವುದಕ್ಕೆ ಇದೊಂದು ಸಣ್ಣ ಆದರೆ ಗಟ್ಟಿಯಾದ ಕಾರಣ.

ಕೆಂಪುದಾರ

ಮೇಲಿನ ಎರಡೂ ಉತ್ತರಗಳು ಚೆನ್ನಾಗಿವೆ, ಆದರೆ ಒಂದು ಆಕ್ಷೇಪವನ್ನು ದಾಖಲಿಸಬೇಕಾಗಿದೆ. "ಮನೆತನದ ಅಂಗಡಿ" ಎಂದ ಕೂಡಲೇ ಮಾಲೀಕರ ವಂಶಾವಳಿಯನ್ನು ಬರೆದು, ಹೊಲಿದವರನ್ನು 300 ಎಂಬ ಒಂದು ಅಂಕಿಯಲ್ಲಿ ಮುಗಿಸುವುದು ಇತಿಹಾಸದ ಅರ್ಧ ಭಾಗ ಮಾತ್ರ.

ಸ್ಯಾವಿಲ್ ರೋ ಇರುವ ಲಂಡನ್ನಿನ ವೆಸ್ಟ್ ಎಂಡ್ ಪ್ರದೇಶದ ಹೊಲಿಗೆಯವರಲ್ಲಿ ಬಹುಪಾಲು ಜನರಿಗೆ ತಿಂಗಳ ಸಂಬಳ ಇರಲಿಲ್ಲ. ಕೋಟಿಗೆ ಇಷ್ಟು, ವೇಸ್ಟ್‌ಕೋಟಿಗೆ ಇಷ್ಟು, ಪ್ಯಾಂಟಿಗೆ ಇಷ್ಟು ಎಂದು ಪೀಸ್ ಲೆಕ್ಕದ ಕೂಲಿ. ಅನೇಕರು ಮಾಲೀಕನ ಕಟ್ಟಡದಲ್ಲಿ ಕೂಡ ಕೂರದೆ ಇಕ್ಕಟ್ಟಾದ ಬಾಡಿಗೆ ಕೋಣೆಗಳಲ್ಲಿ ಹೊಲಿದು ತಂದುಕೊಡುತ್ತಿದ್ದರು. ಶ್ರೀಮಂತರು ಲಂಡನ್ನಿಗೆ ಬಂದು ಸೇರುವ ಬೇಸಗೆಯ ತಿಂಗಳುಗಳಲ್ಲಿ ರಾತ್ರಿಯಿಡೀ ಕೆಲಸ, ಅವರು ಹಳ್ಳಿಯ ಬಂಗಲೆಗಳಿಗೆ ಮರಳಿದ ಮೇಲೆ ಕೈ ಖಾಲಿ. ದಪ್ತರದಾರರು ವರ್ಣಿಸಿದ ಉದ್ರಿ ವ್ಯವಸ್ಥೆಯ ಭಾರ ಕೊನೆಗೆ ಬಿದ್ದದ್ದು ಯಾರ ಮೇಲೆ ಎಂದು ಕೇಳಿಕೊಳ್ಳಬೇಕು. ಗಿರಾಕಿ ಹಣ ತಡಮಾಡಿದರೆ ಮಾಲೀಕ ಬಟ್ಟೆಯ ವ್ಯಾಪಾರಿಯ ಬಳಿ ಸ್ವಲ್ಪ ಕಾಲಾವಕಾಶ ಕೇಳಬಹುದು, ಆದರೆ ಪೀಸ್ ದರವನ್ನು ಏರಿಸದೆ ಹಿಡಿದಿಡುವುದು ಅದಕ್ಕಿಂತ ಸುಲಭ.

1909ರಲ್ಲಿ ಬ್ರಿಟಿಷ್ ಸರ್ಕಾರ ಕನಿಷ್ಠ ಕೂಲಿ ಗೊತ್ತುಪಡಿಸುವ ಮಂಡಳಿಗಳ ಕಾನೂನನ್ನು ತಂದಾಗ ಅದಕ್ಕೆ ಒಳಪಟ್ಟ ಮೊದಲ ನಾಲ್ಕು ಕಸುಬುಗಳಲ್ಲಿ ಹೊಲಿಗೆಯೂ ಇತ್ತು. ಆದರೆ ಸಿದ್ಧ ಉಡುಪು ಮತ್ತು ಸಗಟು ಹೊಲಿಗೆ ಮಾತ್ರ ಅದರ ವ್ಯಾಪ್ತಿಗೆ ಬಂದವು, ಸ್ಯಾವಿಲ್ ರೋ ಮಾದರಿಯ ಚಿಲ್ಲರೆ ಹೊಲಿಗೆ ಹೊರಗುಳಿಯಿತು. ಇಷ್ಟು ದುಬಾರಿ ಬಟ್ಟೆ ಹೊಲಿಯುವವನಿಗೆ ಕೂಲಿಯ ರಕ್ಷಣೆ ಏಕೆ ಬೇಕು ಎಂಬ ಭಾವನೆ ಆಗ ಸಾಮಾನ್ಯವಾಗಿತ್ತು. 1912ರ ವಸಂತದಲ್ಲಿ ವೆಸ್ಟ್ ಎಂಡ್ ಹೊಲಿಗೆಯವರು ಮುಷ್ಕರ ಹೂಡಿದಾಗ ಮಾಲೀಕರು ಲಂಡನ್ನಿನದೇ ಬಡವರ ಬಡಾವಣೆಯಾದ ಈಸ್ಟ್ ಎಂಡ್ ಪ್ರದೇಶದ ಸಣ್ಣ ಕಾರ್ಯಾಗಾರಗಳಿಂದ ಕೆಲಸ ಮಾಡಿಸಿಕೊಂಡು ಮುಷ್ಕರವನ್ನು ಮುರಿಯಲು ಹೊರಟರು. ಅಲ್ಲಿದ್ದವರು ಹೆಚ್ಚಾಗಿ ರಷ್ಯಾ ಮತ್ತು ಪೋಲೆಂಡಿನಿಂದ ವಲಸೆ ಬಂದ ಯಹೂದಿಗಳು. ಅವರ ನಡುವೆ ಸಂಘಟನೆ ಮಾಡುತ್ತಿದ್ದ ಜರ್ಮನ್ ಮೂಲದ ಅರಾಜಕತಾವಾದಿ ರುಡಾಲ್ಫ್ ರಾಕರ್ ಅವರ ಮುಂದಾಳುತನದಲ್ಲಿ ಅವರೂ ಸೂಜಿ ಕೆಳಗಿಟ್ಟು, ವೆಸ್ಟ್ ಎಂಡ್ ಜೊತೆ ನಿಂತರು. ಸಾವಿರಾರು ಮಂದಿಯ ಈ ಘಟನೆ ಯಾವ ಅಂಗಡಿಯ ಗೋಡೆಯ ಮೇಲೂ ಚೌಕಟ್ಟು ಹಾಕಿ ತೂಗುಹಾಕಿರುವುದಿಲ್ಲ.

ಮಹಿಳೆಯರ ವಿಷಯವೂ ಹಾಗೆಯೇ. ಕಾಜಾ ಕಟ್ಟುವುದು, ಅಸ್ತರ್ ಹಿಡಿಸುವುದು, ವೇಸ್ಟ್‌ಕೋಟು ಮತ್ತು ಪ್ಯಾಂಟು ಹೊಲಿಯುವುದು ಬಹಳ ಕಾಲದಿಂದ ಅವರ ಕೈಯಲ್ಲಿತ್ತು, ಕತ್ತರಿ ಮಾತ್ರ ಇರಲಿಲ್ಲ. ಕ್ಯಾಥರಿನ್ ಸಾರ್ಜೆಂಟ್ ಅವರು ತಮ್ಮ ಹೆಸರಿನ ಅಂಗಡಿಯನ್ನು ಸ್ಯಾವಿಲ್ ರೋ ಬೀದಿಯಲ್ಲಿ ತೆರೆದದ್ದು 2016ರಲ್ಲಿ; ಅಲ್ಲಿ ಪ್ರಧಾನ ದರ್ಜಿಯಾಗಿ ಸ್ವಂತ ಅಂಗಡಿ ಹೊಂದಿದ ಮೊದಲ ಮಹಿಳೆ ಅವರು.

ಶಾಲ್ಮಲಾತೀರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೆಂಪುದಾರ ಅವರ ಆಕ್ಷೇಪವನ್ನು ಒಪ್ಪುತ್ತೇನೆ. 1912ರ ಮುಷ್ಕರಕ್ಕೆ ಪ್ರತ್ಯೇಕ ಭಾಗವನ್ನು ಇಡುತ್ತೇನೆ. ಒಂದು ಉಪಪ್ರಶ್ನೆ: ಮನೆತನದ ಒಡೆತನ ನಿಜವಾಗಿ ಅಷ್ಟು ಮುಖ್ಯವೇ? ದೊಡ್ಡ ಬಂಡವಾಳದ ಕಂಪನಿಯೊಂದು ಕೊಂಡುಕೊಂಡಿದ್ದರೂ ಇದೇ ಕೆಲಸ ನಡೆಯುತ್ತಿರಲಿಲ್ಲವೇ? ನಮ್ಮ ನಾಡಿನಲ್ಲಿ ಹೋಲಿಸಬಹುದಾದ ಅಂಗಡಿ ಇದ್ದರೆ ಅದನ್ನೂ ತಿಳಿಸಿ.

ದಂಡುಪ್ರದೇಶದ ಓದುಗ

ಉಪಪ್ರಶ್ನೆಗೆ ಅದೇ ಬೀದಿಯಲ್ಲಿ ಉತ್ತರವಿದೆ. ಸ್ಯಾವಿಲ್ ರೋ 1ನೆಯ ಸಂಖ್ಯೆಯ ಗೀವ್ಸ್ ಅಂಡ್ ಹಾಕ್ಸ್ ಪೂಲ್‌ಗಿಂತ ಹಳೆಯ ಬೇರುಗಳುಳ್ಳ ಹೆಸರು, 18ನೆಯ ಶತಮಾನದ ಎರಡು ಅಂಗಡಿಗಳು 1974ರಲ್ಲಿ ಒಂದಾಗಿ ಆದದ್ದು. ಅದು ಕಾಲಾಂತರದಲ್ಲಿ ಹಾಂಗ್‌ಕಾಂಗಿನ ಟ್ರಿನಿಟಿ ಎಂಬ ಕಂಪನಿಯ ಪಾಲಾಯಿತು. ಆ ಕಂಪನಿ ಮುಳುಗಿದಾಗ, ದರ್ಜಿಗಳ ಕೆಲಸದಲ್ಲಿ ಯಾವ ಕೊರತೆ ಇಲ್ಲದಿದ್ದರೂ ಅಂಗಡಿಯ ಭವಿಷ್ಯ ತೂಗಾಡಿತು. 2022ರಲ್ಲಿ ಬ್ರಿಟನ್ನಿನ ಚಿಲ್ಲರೆ ಮಾರಾಟ ಕಂಪನಿಯಾದ ಫ್ರೇಸರ್ಸ್ ಸಮೂಹ ಅದನ್ನು ಕೊಂಡುಕೊಂಡಿತು. ಅಳತೆಯ ಹೊಲಿಗೆ ಬೇಗ ಬೆಳೆಯಲಾರದ ವ್ಯಾಪಾರ. ಒಬ್ಬ ಕಟಿಂಗ್ ಮಾಸ್ತರ ತಯಾರಾಗಲು ವರ್ಷಗಳು ಬೇಕು, ಒಂದು ಸೂಟಿಗೆ ವಾರಗಳು ಬೇಕು. ಲಾಭ ವರ್ಷವರ್ಷ ಏರಬೇಕೆನ್ನುವ ಹೂಡಿಕೆದಾರರು ಹೆಸರನ್ನು ಸಿದ್ಧ ಉಡುಪಿನ ಮೇಲೆ, ಪರಿಮಳದ ಸೀಸೆಯ ಮೇಲೆ ಅಂಟಿಸಿ ಮಾರಲು ನೋಡುತ್ತಾರೆ. ಈ ವರ್ಷ ಕಳೆದ ವರ್ಷದಷ್ಟೇ ಗಳಿಸಿದರೂ ಸಾಕೆಂದು ಕೂರಬಲ್ಲವರು ಮನೆಯವರು ಮಾತ್ರ.

ನಮ್ಮ ಕಡೆಗೆ ಬಂದರೆ, ಬೆಂಗಳೂರಿನ ಪಿ.ಎನ್. ರಾವ್ ಅಂಗಡಿಯನ್ನು ನೋಡಬಹುದು. ಪಿಸೆ ನಾರಾಯಣ ರಾವ್ ಅವರು 1923ರಲ್ಲಿ ಆರಂಭಿಸಿದಾಗ ದಂಡುಪ್ರದೇಶದ ಬ್ರಿಟಿಷ್ ಮಹಿಳೆಯರ ಉಡುಪುಗಳನ್ನು ಹೊಲಿಯುತ್ತಿದ್ದರು. ಬ್ರಿಟಿಷರು ಹೊರಟುಹೋದ ಮೇಲೆ ಆ ಗಿರಾಕಿಗಳೇ ಇಲ್ಲದಂತಾಗಿ, ಅಂಗಡಿ ಪುರುಷರ ಸೂಟಿನ ಕಡೆಗೆ ತಿರುಗಿತು; ಮಕ್ಕಳು, ಮೊಮ್ಮಕ್ಕಳು ಅದನ್ನೇ ಮುಂದುವರಿಸಿದ್ದಾರೆ. ಪೂಲ್ ಮನೆತನ ಗಿರಾಕಿಯನ್ನು ಹಿಡಿದಿಟ್ಟುಕೊಂಡು ಉಳಿದರೆ, ಇವರು ಗಿರಾಕಿಯನ್ನೇ ಬದಲಿಸಿಕೊಂಡು ಉಳಿದರು. ನಮ್ಮಲ್ಲಿ ಹೊಲಿಗೆ ಬಹುಮಟ್ಟಿಗೆ ಸಿಂಪಿ, ಭಾವಸಾರ ಕ್ಷತ್ರಿಯ ಮುಂತಾದ ಸಮುದಾಯಗಳಲ್ಲಿ ಮನೆಯಿಂದ ಮನೆಗೆ ಹರಿದ ವಿದ್ಯೆ, ಒಂದು ಅಂಗಡಿ ಮುಚ್ಚಿದರೂ ವಿದ್ಯೆ ನೆಂಟರ ಇನ್ನೊಂದು ಅಂಗಡಿಯಲ್ಲಿ ಇರುತ್ತಿತ್ತು. ಲಂಡನ್ನಿನಲ್ಲಿ ವಿದ್ಯೆ ಕೂಲಿಯವನದು, ಅಂಗಡಿ ಮಾಲೀಕನದು. ಈ ವ್ಯತ್ಯಾಸವನ್ನು ಲೇಖನದಲ್ಲಿ ಎತ್ತಿ ತೋರಿಸಿದರೆ ಹೋಲಿಕೆಗೆ ಅರ್ಥ ಬರುತ್ತದೆ.

ದಪ್ತರದಾರ

ಕೆಂಪುದಾರ ಅವರು ಹೇಳಿದ್ದು ಸರಿ. ಆದರೆ ಲೆಕ್ಕದ ಪುಸ್ತಕಗಳನ್ನು ಮಾಲೀಕರ ದಾಖಲೆ ಎಂದು ಬದಿಗಿಡಬೇಡಿ, ಮುಷ್ಕರಕ್ಕೆ ಕಾರಣವಾದ ಹಣದ ಬಿಕ್ಕಟ್ಟು ಕಾಣುವುದೂ ಅಂಥ ಪುಸ್ತಕಗಳಲ್ಲಿಯೇ.

ಉಳಿದಿರುವುದು ಔತಣದ ಕೋಟು. ವೇಲ್ಸ್ ರಾಜಕುಮಾರ, ಅಂದರೆ ಮುಂದೆ ಏಳನೆಯ ಎಡ್ವರ್ಡ್ ದೊರೆಯಾದವನು, ಸ್ಯಾಂಡ್ರಿಂಗ್‌ಹ್ಯಾಮ್ ಬಂಗಲೆಯಲ್ಲಿ ಆಪ್ತರೊಡನೆ ಊಟಕ್ಕೆ ಕೂರುವಾಗ ತೊಡಲೆಂದು ಬಾಲವಿಲ್ಲದ ಗಿಡ್ಡ ನೀಲಿ ಕೋಟೊಂದನ್ನು 1865ರಲ್ಲಿ ಹೆನ್ರಿ ಪೂಲ್ ಬಳಿ ಹೊಲಿಸಿಕೊಂಡದ್ದು ಅಂಗಡಿಯ ಪುಸ್ತಕದಲ್ಲಿರುವ ಸಂಗತಿ. ನ್ಯೂಯಾರ್ಕಿನ ಜೇಮ್ಸ್ ಬ್ರೌನ್ ಪಾಟರ್ 1886ರಲ್ಲಿ ರಾಜಕುಮಾರನ ಅತಿಥಿಯಾಗಿ ಹೋಗಿ, ಅಂಥದ್ದೇ ಕೋಟು ಹೊಲಿಸಿಕೊಂಡು, ತನ್ನೂರಿನ ಟಕ್ಸೀಡೋ ಪಾರ್ಕ್ ಕ್ಲಬ್ಬಿಗೆ ತೊಟ್ಟು ಹೋದ ಎಂಬುದು ಅದರ ಮುಂದಿನ ಭಾಗ. ಅಮೆರಿಕದಲ್ಲಿ ಇದಕ್ಕೆ ಪ್ರತಿಸ್ಪರ್ಧಿ ಕತೆಯೂ ಇದೆ. ಅದೇ ವರ್ಷದ ಶರತ್ಕಾಲದ ನೃತ್ಯಕೂಟಕ್ಕೆ ಗ್ರಿಸ್ವೋಲ್ಡ್ ಲೊರಿಲಾರ್ಡ್ ಎಂಬ ತರುಣ ಬಾಲ ಕತ್ತರಿಸಿದ ಕೋಟಿನಲ್ಲಿ ಬಂದನೆಂದು ಅಲ್ಲಿಯವರು ಹೇಳುತ್ತಾರೆ. ಎರಡು ಕಡೆಯವರಿಗೂ ತಮ್ಮ ತಮ್ಮ ಕತೆಯ ಮೇಲೆ ಅಭಿಮಾನ ಇರುವುದು ಸಹಜ. ನಿಮ್ಮ ಲೇಖನದ ಮುಖ್ಯ ಪಠ್ಯದಲ್ಲಿ 1865ರ ಪುಸ್ತಕದ ನಮೂದನ್ನು ಬಳಸಿ, 1886ರ ಎರಡೂ ಪ್ರಸಂಗಗಳನ್ನು ಅಡಿಟಿಪ್ಪಣಿಗೆ ಹಾಕಿ. "ಈ ಕೋಟನ್ನು ಕಂಡುಹಿಡಿದವರು" ಎಂಬ ಪದವಿಯನ್ನು ಯಾರಿಗೂ ಕೊಡದಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಆರಾಮವಾಗಿ ಕೂತು ಹೊಗೆ ಸೇದಲು ತೊಡುವ ಗಿಡ್ಡ ಕೋಟುಗಳು ಅದಕ್ಕೆ ಮೊದಲೇ ಇಂಗ್ಲೆಂಡಿನ ಮನೆಗಳಲ್ಲಿ ಬಳಕೆಯಲ್ಲಿದ್ದವು. ರಾಜಕುಮಾರ ಮಾಡಿದ್ದು ಅದನ್ನು ಊಟದ ಮೇಜಿಗೆ ತಂದದ್ದು.